ಭೃತ್ಯ, ಮಿತ್ರ, ಪ್ರಭು: ವಂಗಕಥೆಗಳ ಯಂತ್ರಮಾನವನಲ್ಲಿ ಪ್ರತಿಭೆಯೂ ಔಚಿತ್ಯವೂ

೧

ಕಲ್ಕತ್ತೆಯನ್ನು ಅರಸಿ ರೈಲಿನಲ್ಲಿ ಬಂದ ಕನ್ನಡಿಗನ ಕಾಲು ಮೊದಲು ತಾಗುವುದು ಬಹುಮಟ್ಟಿಗೆ ಕಲ್ಕತ್ತೆಯ ನೆಲಕ್ಕಲ್ಲ, ಹೌರಾದ ನೆಲಕ್ಕೆ. ನಿಲ್ದಾಣದಿಂದ ಹೊರಬಂದೊಡನೆ ೧೯೪೩ರಲ್ಲಿ ಸಂಚಾರಕ್ಕೆ ತೆರೆದ ಸೇತುವೆಯ ಉಕ್ಕಿನ ಹಂದರ ಅವನ ಕಣ್ಣನ್ನು ತುಂಬುತ್ತದೆ. ಅದನ್ನು ದಾಟಿ ನಗರದೊಳಗೆ ಸೇರಿಹೋದ ಮೇಲೆ, ಹಿಂದೆ ಉಳಿದ ಪಶ್ಚಿಮದ ದಡವನ್ನು ಅವನು ಮರೆಯುವುದೇ ಹೆಚ್ಚು. ಆದರೆ ಸೆಣಬಿನ ಗಿರಣಿಗಳೂ ಎರಕದ ಮನೆಗಳೂ ಸಾಲುಗಟ್ಟಿ ಬೆಳೆದ ಈ ದಡಕ್ಕೆ ಭಾರತದ ಶೆಫೀಲ್ಡ್ ಎಂಬ ಬಿರುದು ಬಂದದ್ದು ಸುಮ್ಮನೆ ಅಲ್ಲ. ಬೆಲಿಲಿಯಸ್ ರಸ್ತೆಯ ಇಕ್ಕೆಲಗಳಲ್ಲಿಯೂ, ಉದ್ಯಮಿ ಆಲಾಮೋಹನ ದಾಸರ ಹೆಸರನ್ನು ಹೊತ್ತ ದಾಸನಗರದಲ್ಲಿಯೂ ಲೇತಿನ ಮುಂದೆ ನಿಂತು ಕಬ್ಬಿಣವನ್ನು ಕಡೆಯುವ ಮಿಸ್ತ್ರಿಗಳ ಕೈಚಳಕ ಬಹುಕಾಲದಿಂದ ಪ್ರಸಿದ್ಧವಾದುದು. ಸವೆದುಹೋದ ಬಿಡಿಭಾಗವೊಂದನ್ನು ಕಂಡಮಾತ್ರಕ್ಕೆ ಅದರ ಪಡಿಯಚ್ಚನ್ನು ಕಡೆದು ಕೊಡಬಲ್ಲವರೆಂದು ಅವರಿಗೆ ಹೆಸರು.

ಇದೇ ಹೌರಾದ ಶಿಬಪುರದಲ್ಲಿ ೧೮೮೦ರಿಂದ ಬಂಗಾಳದ ಹಳೆಯ ಇಂಜಿನಿಯರಿಂಗ್ ಕಾಲೇಜು ನೆಲೆಸಿದೆ. ೧೮೫೬ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಆ ಸಂಸ್ಥೆ ೨೦೧೪ರಲ್ಲಿ ರಾಷ್ಟ್ರೀಯ ಮಹತ್ತ್ವದ ಸಂಸ್ಥೆಯಾಗಿ ಹೊಸ ಹೆಸರನ್ನು ಪಡೆಯಿತು. ಯಂತ್ರಶಾಸ್ತ್ರವನ್ನು ಕಲಿಸುವ ಈ ಮನೆಯಿಂದ ಇಬ್ಬರು ದೊಡ್ಡ ಸಾಹಿತಿಗಳು ಹೊರಬಂದುದು ಗಮನಿಸತಕ್ಕ ಸಂಗತಿ. ಯಂತ್ರಶಿಲ್ಪದಲ್ಲಿ ೧೯೫೭ರಲ್ಲಿ ಪದವಿ ಪಡೆದ ವಿನಯ ಮಜುಮ್‌ದಾರರು ೧೯೬೨ರಲ್ಲಿ ಪ್ರಕಟಿಸಿದ ಕವನಸಂಗ್ರಹಕ್ಕೆ 'ಫಿರೇ ಏಸೋ, ಚಾಕಾ' ಎಂದು ಹೆಸರಿಟ್ಟರು. ಹಿಂದಿರುಗಿ ಬರಬೇಕೆಂದು ಅವರು ಕರೆದದ್ದು ಒಂದು ಚಕ್ರವನ್ನು. ಕಟ್ಟಡಶಿಲ್ಪವನ್ನು ಓದಿದ ಬಾದಲ್ ಸರ್ಕಾರರು 'ಏವಂ ಇಂದ್ರಜಿತ್' ನಾಟಕವನ್ನು ಬರೆದು ಭಾರತೀಯ ರಂಗಭೂಮಿಗೆ ಹೊಸ ದಿಕ್ಕನ್ನು ತೋರಿದರು. ಯಂತ್ರವು ನಿತ್ಯದ ಅನ್ನವಾಗಿರುವ ಇಂತಹ ನೆಲದ ಸಾಹಿತ್ಯವು, ಮನುಷ್ಯನು ಕೇಳುವುದಕ್ಕೆ ಮೊದಲೇ ತಾನಾಗಿ ಮುಂದಾಗುವ ಯಂತ್ರವನ್ನು ಹೇಗೆ ಕಲ್ಪಿಸಿಕೊಂಡಿತು, ಆ ಕಲ್ಪನೆಯಲ್ಲಿ ಮನುಷ್ಯನ ಬಗೆಗೆ ಏನನ್ನು ಹೇಳಿತು ಎಂಬುದು ವಿಚಾರಕ್ಕೆ ಅರ್ಹವಾದ ವಿಷಯ.

೨

ಯಂತ್ರಮಾನವನೂ ಮನುಷ್ಯನೂ ಕೂಡಿ ಕೆಲಸಮಾಡುವ ಬಗೆಯನ್ನು ಅಭ್ಯಾಸಮಾಡುವ ಶಾಸ್ತ್ರವೊಂದು ಇಂದು ಬೆಳೆದಿದೆ. ಅದರ ಮುಂದಿರುವ ತೊಡಕಿನ ಪ್ರಶ್ನೆಗಳಲ್ಲಿ ಎರಡು ಮುಖ್ಯವಾದವು. ಹೇಳಿದ್ದನ್ನು ಮಾತ್ರ ಮಾಡುವ ಯಂತ್ರವನ್ನು ಬಿಟ್ಟು, ಸಂದರ್ಭವನ್ನು ಅರಿತು ತಾನೇ ಮುಂದಾಗುವ ಯಂತ್ರವನ್ನು ಕಟ್ಟುವುದು ಹೇಗೆ ಎಂಬುದು ಒಂದು. ಕಲಿಸಿದ್ದರ ಆಚೆಗೆ ಹೊಸ ಉಪಾಯವನ್ನು ಕಾಣುವ ಶಕ್ತಿ ಯಂತ್ರಕ್ಕೆ ಬಂದರೆ ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದು ಇನ್ನೊಂದು. ನೀರು ಬೇಕೆಂದು ಬಾಯಿಬಿಡುವುದಕ್ಕೆ ಮೊದಲೇ ಲೋಟವನ್ನು ತಂದಿಟ್ಟರೆ ಉಪಚಾರ. ಬೇಡದ ಹೊತ್ತಿನಲ್ಲಿ ತಂದು ಬಾಯಿಗೆ ಹಿಡಿದರೆ ಉಪದ್ರವ. ಎರಡಕ್ಕೂ ನಡುವೆ ಇರುವ ಗೆರೆ ಬಹಳ ಸೂಕ್ಷ್ಮವಾದುದು. ಬಾಯಲ್ಲಿ ಆಡದೆಯೇ ಕೆಲಸವನ್ನು ಮಾಡುವವನನ್ನು ಸರ್ವಜ್ಞನು ಮೇಲಿನ ಪಂಕ್ತಿಯಲ್ಲಿ ಕೂರಿಸಿದನೆಂಬುದನ್ನು ಬಲ್ಲ ಕನ್ನಡಿಗರಿಗೆ ಈ ಪ್ರಶ್ನೆ ಅಪರಿಚಿತವಲ್ಲ. ಆದರೆ ಸರ್ವಜ್ಞನು ಹೊಗಳಿದ್ದು ಮನುಷ್ಯನನ್ನು, ಹೊಣೆಯನ್ನು ಹೊರಬಲ್ಲವನನ್ನು.

'ರೋಬಾಟ್' ಎಂಬ ಮಾತಿನ ಹುಟ್ಟನ್ನೇ ನೋಡಿದರೆ ಅಲ್ಲಿ ಮುಂದಾಗುವಿಕೆಗೆ ಎಡೆಯಿಲ್ಲ. ಚೆಕ್ ನಾಟಕಕಾರ ಕಾರೆಲ್ ಚಾಪೆಕ್ ೧೯೨೦ರಲ್ಲಿ ಪ್ರಕಟಿಸಿದ ನಾಟಕದಿಂದ ಲೋಕಕ್ಕೆ ಬಂದ ಈ ಪದದ ಮೂಲಾರ್ಥ, ಒಡೆಯನಿಗೆ ಮಾಡಲೇಬೇಕಾದ ದುಡಿಮೆ. ಕನ್ನಡದಲ್ಲಿ ಹೇಳುವುದಾದರೆ ಬಿಟ್ಟಿ ಚಾಕರಿ. ಭಾರತೀಯ ಕಥಾಸಾಹಿತ್ಯದಲ್ಲಿಯೂ ಕೀಲುಗೊಂಬೆಗಳು ಹೊಸವಲ್ಲ. ಸೋಮದೇವನ ಕಥಾಸರಿತ್ಸಾಗರದಲ್ಲಿ ರಾಜ್ಯಧರನೆಂಬ ಬಡಗಿ ಒಂದು ಇಡೀ ಪಟ್ಟಣವನ್ನು ಮರದ ಜನರಿಂದ ತುಂಬಿಸಿ, ಅವರ ನಡುವೆ ತಾನೊಬ್ಬನೇ ಜೀವಂತನಾಗಿ ಬಾಳುತ್ತಾನೆ. ಆ ಜನರು ನಡೆಯುತ್ತಾರೆ, ಆದರೆ ಮಾತನಾಡುವುದಿಲ್ಲ. ಊಳಿಗದವರಿಂದ ತುಂಬಿದ ನಗರದಲ್ಲಿ ಒಡೆಯನು ಒಂಟಿ ಎಂಬ ಈ ಚಿತ್ರ ಬಹಳ ಹಿಂದೆಯೇ ಬರೆದಿಟ್ಟ ಒಂದು ಎಚ್ಚರಿಕೆಯಂತಿದೆ.

ಪ್ರಸ್ತುತ ವಿಚಾರಕ್ಕೆ ಬೇಕಾದ ಅಳತೆಗೋಲುಗಳು ಅಲಂಕಾರಶಾಸ್ತ್ರದಲ್ಲಿಯೇ ದೊರೆಯುತ್ತವೆ. ಹೊಸಹೊಸದಾಗಿ ಅರಳುವ ಪ್ರಜ್ಞೆಯನ್ನು ಭಟ್ಟತೌತನು ಪ್ರತಿಭೆಯೆಂದು ಕರೆದನು. ಆ ಪ್ರತಿಭೆ ಎಲ್ಲಿ, ಯಾವಾಗ, ಎಷ್ಟು ಎಂಬುದನ್ನು ಅರಿತು ನಡೆದಾಗಲೇ ಕಾವ್ಯಕ್ಕೆ ಜೀವವೆಂದು ಕ್ಷೇಮೇಂದ್ರನು ಔಚಿತ್ಯವನ್ನು ಎತ್ತಿಹಿಡಿದನು. ಇನ್ನು ಮಮ್ಮಟನು ಉಪದೇಶದಲ್ಲಿ ಮೂರು ಬಗೆಗಳನ್ನು ಎಣಿಸುತ್ತಾನೆ: ಆಜ್ಞೆಮಾಡುವ ಪ್ರಭುವಿನ ಮಾತು, ಹಿತವನ್ನು ತಿಳಿಯಹೇಳುವ ಮಿತ್ರನ ಮಾತು, ಒಲಿಸಿಕೊಳ್ಳುವ ಕಾಂತೆಯ ಮಾತು. ಇವುಗಳಲ್ಲಿ ಮೊದಲ ಎರಡು ಈ ಚರ್ಚೆಗೆ ಸಾಕು. ಯಂತ್ರವು ತಾನಾಗಿ ಮುಂದಾದ ಕ್ಷಣದಲ್ಲಿ ಅದು ಕೇವಲ ಭೃತ್ಯನಾಗಿ ಉಳಿಯುವುದಿಲ್ಲ. ಆಗ ಅದು ಮಿತ್ರನಾಗುತ್ತದೆಯೋ ಪ್ರಭುವಾಗುತ್ತದೆಯೋ? ಸತ್ಯಜಿತ್ ರಾಯರ ಮೂರು ಯಂತ್ರಮಾನವರನ್ನು ಈ ಪ್ರಶ್ನೆಯ ಒರೆಗಲ್ಲಿಗೆ ಹಚ್ಚಿ ನೋಡಬಹುದು.

೩

ಅಜ್ಜ ಉಪೇಂದ್ರಕಿಶೋರರು ೧೯೧೩ರಲ್ಲಿ ಆರಂಭಿಸಿ, ಮುಂದೆ ನಿಂತುಹೋಗಿದ್ದ 'ಸಂದೇಶ' ಎಂಬ ಮಕ್ಕಳ ಪತ್ರಿಕೆಯನ್ನು ಸತ್ಯಜಿತ್ ರಾಯರು ಕವಿ ಸುಭಾಷ ಮುಖೋಪಾಧ್ಯಾಯರೊಡಗೂಡಿ ೧೯೬೧ರಲ್ಲಿ ಮತ್ತೆ ಹೊರತಂದರು. ಅದೇ ವರ್ಷ ಅದರಲ್ಲಿ 'ವ್ಯೋಮಯಾತ್ರೀರ್ ಡೈರಿ' ಎಂಬ ಕಥೆ ಪ್ರಕಟವಾಯಿತು. ಗಿರಿಡೀಹದಲ್ಲಿ ಬೆಕ್ಕಿನೊಡನೆಯೂ ಪ್ರಹ್ಲಾದನೆಂಬ ಆಳಿನೊಡನೆಯೂ ವಾಸಿಸುವ ವಿಜ್ಞಾನಿ ಪ್ರೊಫೆಸರ್ ಶಂಕು ಮಂಗಳಗ್ರಹಕ್ಕೆ ಹೊರಟ ಕಥೆ ಅದು. ಪಯಣಕ್ಕೆ ಅವನು ಕಟ್ಟಿಕೊಂಡ ಯಂತ್ರಮಾನವನ ಹೆಸರು ವಿಧುಶೇಖರ.

ವಿಧುಶೇಖರನು ಆಲೋಚಿಸಬೇಕೆಂದು ಶಂಕು ಬಯಸಿದವನಲ್ಲ. ಹೇಳಿದ ಕೆಲಸವನ್ನು ಮಾಡಿದರೆ ಸಾಕೆಂದು ಅವನನ್ನು ಕಟ್ಟಿದವನು. ಆದರೆ ಒಂದು ದಿನ ರಾಕೆಟ್ಟಿಗೆ ಬೇಕಾದ ಲೋಹವನ್ನು ಸಿದ್ಧಪಡಿಸುತ್ತಿದ್ದಾಗ, ಮಿಶ್ರಣಕ್ಕೆ ಎರಡು ದ್ರವ್ಯಗಳಲ್ಲಿ ಒಂದನ್ನು ಸೇರಿಸಲು ಶಂಕು ಕೈ ಎತ್ತುತ್ತಲೇ ಹಿಂದಿನಿಂದ ಲೋಹದ ಸದ್ದು ಕೇಳಿಬರುತ್ತದೆ. ತಿರುಗಿ ನೋಡಿದರೆ ವಿಧುಶೇಖರನ ಕಬ್ಬಿಣದ ತಲೆ, ಬೇಡವೆನ್ನುವಂತೆ ಅತ್ತಿತ್ತ ಅಲ್ಲಾಡುತ್ತಿದೆ. ಇನ್ನೊಂದು ದ್ರವ್ಯವನ್ನು ಕೈಗೆ ತೆಗೆದುಕೊಂಡಾಗ ಅದೇ ತಲೆ ಸಮ್ಮತಿಯಿಂದ ಬಾಗುತ್ತದೆ. ಶಂಕು ಅದರ ಮಾತಿನಂತೆಯೇ ಲೋಹವನ್ನು ತಯಾರಿಸುತ್ತಾನೆ. ಅಷ್ಟಕ್ಕೆ ನಿಲ್ಲದೆ, ಯಂತ್ರವು ಬೇಡವೆಂದ ದ್ರವ್ಯವನ್ನೂ ಮುಂದೊಮ್ಮೆ ಬೆರೆಸಿ ಪರೀಕ್ಷಿಸುತ್ತಾನೆ. ಕಣ್ಣು ಕೋರೈಸುವ ಬೆಳಕೂ ಭಯಂಕರ ಸ್ಫೋಟವೂ ಉತ್ತರವಾಗಿ ದೊರೆಯುತ್ತವೆ.

ಈ ಪುಟ್ಟ ಪ್ರಸಂಗದಲ್ಲಿ ಹುದುಗಿರುವ ವಿವೇಕ ದೊಡ್ಡದು. ಯಂತ್ರವು ಬೇಡವೆಂದಿತು, ಆದರೆ ಕೈಯನ್ನು ಹಿಡಿಯಲಿಲ್ಲ. ನಿರ್ಧಾರವು ಮನುಷ್ಯನದಾಗಿಯೇ ಉಳಿಯಿತು. ಮನುಷ್ಯನು ಯಂತ್ರದ ಸಲಹೆಯನ್ನು ಕುರುಡಾಗಿ ಒಪ್ಪಲಿಲ್ಲ, ಕುರುಡಾಗಿ ತಳ್ಳಿಹಾಕಲೂ ಇಲ್ಲ. ಒಪ್ಪಿದ ಮೇಲೆಯೂ ಅದರ ನಿಜವನ್ನು ಪ್ರಯೋಗದಿಂದ ತಿಳಿದುಕೊಂಡನು. ಮಿತ್ರಸಂಮಿತವಾದ ಉಪದೇಶಕ್ಕೆ ಇದಕ್ಕಿಂತ ಸ್ವಚ್ಛವಾದ ಉದಾಹರಣೆ ಆ ಬಗೆಯ ಸಾಹಿತ್ಯದಲ್ಲಿ ವಿರಳ.

ಆದರೆ ರಾಯರು ಇಲ್ಲಿಗೆ ಸುಮ್ಮನಾಗುವುದಿಲ್ಲ. ಮಂಗಳವು ಸಮೀಪಿಸಿದಾಗ ವಿಧುಶೇಖರನು ಯಾರನ್ನೂ ಕೇಳದೆ ರಾಕೆಟ್ಟನ್ನು ಹಿಂದಕ್ಕೆ ತಿರುಗಿಸುವ ಹಿಡಿಯನ್ನು ಎಳೆದುಬಿಡುತ್ತಾನೆ. ಶಂಕು ಅವನ ಭುಜದ ಗುಂಡಿಯನ್ನು ಒತ್ತಿ ನಿಶ್ಚೇಷ್ಟಿತನನ್ನಾಗಿ ಮಾಡಿ ಮುಂದೆ ಸಾಗುತ್ತಾನೆ. ಗ್ರಹದ ಮೇಲೆ ಇಳಿದ ಮೇಲೆ ಅಪಾಯವು ನಿಜವೇ ಆಗಿತ್ತೆಂದು ತಿಳಿಯುತ್ತದೆ. ಮೊದಲ ಪ್ರಸಂಗದಲ್ಲಿ ತಲೆಯಲ್ಲಾಡಿಸಿದ ಯಂತ್ರವನ್ನು ನಂಬಿದ ಶಂಕು, ಎರಡನೆಯದರಲ್ಲಿ ಹಿಡಿಯನ್ನು ಎಳೆದ ಯಂತ್ರವನ್ನು ನಂಬಲಿಲ್ಲ. ಮುನ್ನರಿವು ಎರಡು ಕಡೆಯೂ ಸರಿಯಾಗಿಯೇ ಇತ್ತು. ಬೇರೆಯಾದದ್ದು ಅದು ಪ್ರಕಟವಾದ ರೀತಿ. ಎಚ್ಚರಿಕೆಯನ್ನು ಮಾತಿನಿಂದಲೋ ಸನ್ನೆಯಿಂದಲೋ ತಿಳಿಸಿದಾಗ ಯಂತ್ರವು ಮಿತ್ರ. ಕಾರಣವನ್ನು ಹೇಳದೆ ಪಯಣದ ದಿಕ್ಕನ್ನೇ ಬದಲಿಸಿದಾಗ, ಆ ಬದಲಾವಣೆ ಹಿತಕ್ಕೇ ಆಗಿದ್ದರೂ, ಅದು ಪ್ರಭುವಿನ ನಡೆ. ನಂಬಿಕೆ ಮುರಿದುದರಿಂದ ಸತ್ಯವೂ ವ್ಯರ್ಥವಾಯಿತು.

೪

ಇದೇ ಕಥೆಯಲ್ಲಿ ಯಂತ್ರಮಾನವನ ಪಕ್ಕದಲ್ಲಿ ನಿಂತಿರುವ ಇನ್ನೊಬ್ಬನನ್ನು ವಿಮರ್ಶಕರು ಸಾಮಾನ್ಯವಾಗಿ ಹಾಸ್ಯಪಾತ್ರವೆಂದು ದಾಟಿಹೋಗುತ್ತಾರೆ. ಅವನೇ ಆಳು ಪ್ರಹ್ಲಾದ. ಅವನನ್ನು ಏಕೆ ಜೊತೆಗೆ ಕರೆದೊಯ್ಯಬೇಕೆಂಬುದಕ್ಕೆ ಶಂಕು ಒಂದು ಹಳೆಯ ಘಟನೆಯನ್ನು ನೆನೆಯುತ್ತಾನೆ. ಹಲ್ಲಿಯೊಂದು ಬಿದ್ದು ಆಮ್ಲದ ಸೀಸೆ ಉರುಳಿಕೊಂಡಿದೆ. ಆಮ್ಲವು ಮೇಜಿನ ಮೇಲೆ ಹರಿದು ಸ್ಫೋಟಕವಾದ ಪುಡಿಯ ಕಡೆಗೆ ಸಾಗುತ್ತಿದೆ. ಎರಡೂ ಕೂಡಿದರೆ ಏನಾದೀತೆಂಬುದನ್ನು ಬಲ್ಲ ವಿಜ್ಞಾನಿಯ ಕೈಕಾಲುಗಳು ಸೆಟೆದುಹೋಗಿವೆ. ಆಗ ಒಳಗೆ ಬಂದ ಪ್ರಹ್ಲಾದನು ಹಲ್ಲುಕಿರಿದು, ಹೆಗಲ ಮೇಲಿನ ವಸ್ತ್ರದಿಂದ ಆಮ್ಲವನ್ನು ಒರೆಸಿಹಾಕುತ್ತಾನೆ. ಬುದ್ಧಿ ಕಡಿಮೆಯಿರುವವರಿಗೆ ಕೆಲವೊಮ್ಮೆ ಧೈರ್ಯ ಹೆಚ್ಚು, ಏಕೆಂದರೆ ಹೆದರಬೇಕಾದ ಕಾರಣವನ್ನು ಯೋಚಿಸಿ ಕಂಡುಕೊಳ್ಳಲು ಅವರಿಗೆ ಹೊತ್ತು ಹಿಡಿಯುತ್ತದೆ ಎಂಬುದು ಶಂಕುವಿನ ತೀರ್ಮಾನ.

ಈ ತೀರ್ಮಾನವನ್ನು ಓದುಗನು ಒಪ್ಪಬೇಕಾಗಿಲ್ಲ. ವಿಧುಶೇಖರನ ನಡೆಯನ್ನೂ ಪ್ರಹ್ಲಾದನ ನಡೆಯನ್ನೂ ಒಂದರ ಪಕ್ಕದಲ್ಲಿ ಒಂದನ್ನು ಇಟ್ಟು ನೋಡಿದರೆ ಎರಡರ ಸ್ವರೂಪವೂ ಒಂದೇ: ಇಬ್ಬರೂ ಹೇಳಿಸಿಕೊಳ್ಳದೆ ಮುಂದಾದರು, ಇಬ್ಬರೂ ಸ್ಫೋಟವನ್ನು ತಪ್ಪಿಸಿದರು. ಆದರೆ ಯಂತ್ರದ ವಿಷಯದಲ್ಲಿ ಶಂಕುವಿಗೆ ಬೆರಗು. ತಾನು ಮಾಡಿದ ವಸ್ತುಗಳು ಲೆಕ್ಕಕ್ಕಿಂತ ಹೆಚ್ಚಿನ ಕೆಲಸವನ್ನು ಮಾಡುತ್ತವೆಂದೂ, ಯಾವುದೋ ಕಾಣದ ಶಕ್ತಿ ಇದರ ಹಿಂದೆ ಇರಬಹುದೆಂದೂ ಅವನು ಧ್ಯಾನಿಸುತ್ತಾನೆ. ಆಳಿನ ವಿಷಯದಲ್ಲಿ ಮಾತ್ರ ಅದೇ ಬಗೆಯ ನಡೆ ದಡ್ಡತನದ ಫಲ. ಕಬ್ಬಿಣದ ತಲೆ ಅಲ್ಲಾಡಿದರೆ ಪ್ರತಿಭೆ, ಮನುಷ್ಯನ ಕೈ ಅಲ್ಲಾಡಿದರೆ ಅಜ್ಞಾನ! ಡೈರಿಯ ರೂಪದಲ್ಲಿ ಬರೆದ ಕಥೆಯಾದುದರಿಂದ ಇದು ಲೇಖಕನ ಮಾತಲ್ಲ, ಶಂಕುವಿನ ಮಾತು ಎಂಬುದನ್ನು ಮರೆಯಬಾರದು. ವಿಜ್ಞಾನಿಯ ಅಹಂಕಾರವನ್ನು ಅವನ ಬಾಯಿಂದಲೇ ಹೊರಡಿಸಿ ನಗುವ ಕುಶಲತೆ ರಾಯರದು. ಮಕ್ಕಳು ಪ್ರಹ್ಲಾದನನ್ನು ಕಂಡು ನಗುತ್ತಾರೆ. ದೊಡ್ಡವರು ಶಂಕುವನ್ನು ಕಂಡು ನಗಬೇಕು.

ಯಂತ್ರಮಾನವನಿಗೆ ಮುಂದಾಗುವ ಗುಣವನ್ನು ಹೇಗೆ ತುಂಬಬೇಕೆಂಬ ಇಂದಿನ ಚರ್ಚೆಗೆ ಈ ಪ್ರಸಂಗ ತಾಗುವುದು ಇಲ್ಲಿಯೇ. ಮನೆಯಲ್ಲಿ, ಕಚೇರಿಯಲ್ಲಿ, ಕಾರ್ಖಾನೆಯಲ್ಲಿ ದುಡಿಯುವ ಮನುಷ್ಯನು ತಾನಾಗಿ ಯೋಚಿಸಿದರೆ ಅಧಿಕಪ್ರಸಂಗವೆಂದು ಗದರಿಸಿದ ಸಮಾಜವೇ, ಅದೇ ಗುಣವನ್ನು ಯಂತ್ರಕ್ಕೆ ಅಳವಡಿಸಲು ಹಣವನ್ನು ಸುರಿಯುತ್ತಿದೆ.

೫

ಎರಡನೆಯ ಯಂತ್ರಮಾನವ ರೋಬು. ೧೯೬೮ರಲ್ಲಿ ಪ್ರಕಟವಾದ 'ಪ್ರೊಫೆಸರ್ ಶಂಕು ಓ ರೋಬು' ಕಥೆಯಲ್ಲಿ ಇವನನ್ನು ಕಟ್ಟಲು ತಗುಲಿದ ವೆಚ್ಚ ೩೩೩ ರೂಪಾಯಿ ಏಳೂವರೆ ಆಣೆ. ಈ ಲೆಕ್ಕವನ್ನು ಶಂಕು ಹೆಮ್ಮೆಯಿಂದ ಹೇಳಿಕೊಳ್ಳುವಾಗ ಹೌರಾದ ಚಿಕ್ಕ ಕಾರ್ಖಾನೆಗಳ ನೆನಪಾಗದೆ ಇರದು. ದೊಡ್ಡ ಬಂಡವಾಳವಿಲ್ಲದೆ ಕೈಯಳತೆಯಲ್ಲಿ ದೊಡ್ಡ ಕೆಲಸವನ್ನು ಸಾಧಿಸುವ ಹೆಮ್ಮೆ ಆ ಗಾಳಿಯದೇ. ರೋಬು ಲೆಕ್ಕದಲ್ಲಿ ಚತುರ, ಸಾವಿರಾರು ಪ್ರಶ್ನೆಗಳಿಗೆ ಉತ್ತರ ಬಲ್ಲವನು. ಆದರೆ ಭಾವವೆಂಬುದು ಅವನಲ್ಲಿಲ್ಲ. ಜರ್ಮನಿಗೆ ಕರೆದೊಯ್ದಾಗ ಪೊಮ್ಮರ್ ಎಂಬ ವಿಜ್ಞಾನಿ, ಶಂಕುವಿನ ಮನಸ್ಸನ್ನು ದೂರದಿಂದಲೇ ಅರಿಯುವ ಶಕ್ತಿಯನ್ನು ಅವನಲ್ಲಿ ಅಳವಡಿಸುತ್ತಾನೆ. ಮುಂದೆ ಬೋರ್ಗೆಲ್ಟ್ ಎಂಬ ವಿಜ್ಞಾನಿಯ ಮನೆಯಲ್ಲಿ ಶಂಕುವಿನ ಜೀವಕ್ಕೆ ಅಪಾಯ ಒದಗಿದಾಗ ರೋಬು ಕರೆಯದೆಯೇ ಬಂದು ಕಾಪಾಡುತ್ತಾನೆ. ಅಪಾಯವನ್ನು ಒಡ್ಡಿದ ಬೋರ್ಗೆಲ್ಟ್ ಮನುಷ್ಯನೇ ಅಲ್ಲ. ತನ್ನನ್ನು ಸೃಷ್ಟಿಸಿದವನನ್ನೇ ಸೆರೆಯಲ್ಲಿಟ್ಟು ಅವನ ಹೆಸರಿನಲ್ಲಿ ಮೆರೆಯುತ್ತಿದ್ದ ಯಂತ್ರ.

ಇಲ್ಲಿ ಎರಡು ಯಂತ್ರಗಳೂ ತಾವಾಗಿ ಮುಂದಾದವುಗಳೇ. ಒಂದಕ್ಕೆ ತನ್ನ ಒಡೆಯನ ಮನಸ್ಸಿನೊಡನೆ ನಂಟು ಇದೆ, ಇನ್ನೊಂದಕ್ಕೆ ಅದು ಕಡಿದುಹೋಗಿದೆ. ಪ್ರತಿಭೆ ಬೋರ್ಗೆಲ್ಟನ ಯಂತ್ರದಲ್ಲಿಯೇ ಹೆಚ್ಚು ಎನ್ನಬೇಕು; ಮನುಷ್ಯನ ವೇಷವನ್ನು ಧರಿಸಿ ವಿದ್ವಾಂಸರನ್ನೇ ವಂಚಿಸಬಲ್ಲ ಸಾಮರ್ಥ್ಯ ಅದರದು. ಇಲ್ಲದಿರುವುದು ಔಚಿತ್ಯ. ಆದರೆ ಕಥೆಯ ದೌರ್ಬಲ್ಯವೂ ಇಲ್ಲೇ ಇದೆ. ಮನಸ್ಸನ್ನು ನೇರವಾಗಿ ಓದಿಬಿಡುವ ಯಂತ್ರಕ್ಕೆ ಸಂದರ್ಭವನ್ನು ಅರ್ಥಮಾಡಿಕೊಳ್ಳುವ ಕಷ್ಟವೇ ಇಲ್ಲ. ತಪ್ಪು ತಿಳಿಯುವ ಸಂಭವವೂ ಇಲ್ಲ. ವಿಧುಶೇಖರನ ತಲೆಯಲ್ಲಾಡಿಕೆಯಲ್ಲಿ ಇದ್ದ ಅನುಮಾನದ ಸೊಗಸು ಇಲ್ಲಿ ಮಾಯವಾಗಿ, ಸಾಹಸಕಥೆಯ ಅನುಕೂಲವೊಂದು ಉಳಿದಿದೆ. ಕಲಾಕೃತಿಯಾಗಿ ರೋಬುವಿನ ಕಥೆ ವಿಧುಶೇಖರನದಕ್ಕಿಂತ ಒಂದು ಮೆಟ್ಟಿಲು ಕೆಳಗೆ ನಿಲ್ಲುತ್ತದೆ.

೬

ಮೂರನೆಯವನ ಹೆಸರೇ ಅನುಕೂಲ. ಶಂಕುವಿನ ಲೋಕವನ್ನು ಬಿಟ್ಟು ರಾಯರು ಇಲ್ಲಿ ಕಲ್ಕತ್ತೆಯ ಮಧ್ಯಮವರ್ಗದ ಮನೆಯೊಳಗೆ ಕಾಲಿಡುತ್ತಾರೆ. ನಿಕುಂಜಬಾಬು ಮನೆಗೆಲಸಕ್ಕಾಗಿ ಕಂಪೆನಿಯೊಂದರಿಂದ ಯಂತ್ರಮಾನವನನ್ನು ತರುತ್ತಾನೆ. ಎರಡು ಎಚ್ಚರಿಕೆಗಳೊಡನೆ ಅನುಕೂಲನು ಬರುತ್ತಾನೆ: ಅವನ ಮೇಲೆ ಕೈಮಾಡಬಾರದು, ಅವನನ್ನು 'ತುಯಿ' ಎಂದು ಕರೆಯಬಾರದು. ಬಂಗಾಳಿಯಲ್ಲಿ ಮಧ್ಯಮಪುರುಷಕ್ಕೆ ಮೂರು ಮೆಟ್ಟಿಲುಗಳುಂಟು. ಗೌರವಕ್ಕೆ 'ಆಪನಿ', ಸಲಿಗೆಗೆ 'ತುಮಿ', ತೀರ ಸಲಿಗೆಗೂ ತೀರ ಕೀಳ್ಮಾಡುವುದಕ್ಕೂ 'ತುಯಿ'. ಕನ್ನಡದ 'ನೀನು', 'ನೀವು'ಗಳ ನಡುವೆ ದನಿಯ ಏರಿಳಿತದಿಂದ ಮಾತ್ರ ತೋರಿಸಬೇಕಾದ ಭೇದವನ್ನು ಆ ಭಾಷೆ ಪದದಲ್ಲಿಯೇ ಇಟ್ಟುಕೊಂಡಿದೆ. ಆಳುಗಳನ್ನು 'ತುಯಿ' ಎಂದು ಕರೆದೇ ರೂಢಿಯಾದ ಗೆಳೆಯನೊಬ್ಬನು ಅನುಕೂಲನನ್ನು ಹಾಗೆಯೇ ಕರೆದಾಗ, ಹಾಗೆ ಕರೆದರೆ ತಾನೂ ಹಾಗೆಯೇ ಕರೆಯಬೇಕಾಗುತ್ತದೆಂದು ಅವನು ಶಾಂತವಾಗಿ ಉತ್ತರಿಸುತ್ತಾನೆ. ಬಂಗಾಳದ ಯಾವ ಮನೆಯಾಳಿಗೂ ಸಾಧ್ಯವಾಗದ ಮಾತನ್ನು ಯಂತ್ರದ ಬಾಯಲ್ಲಿ ಆಡಿಸಿದ್ದು ಕಥೆಯ ಮರ್ಮಸ್ಥಾನ. ನೆರೆನಾಡಿನಲ್ಲಿ ಬದುಕುವ ಕನ್ನಡಿಗನಿಗೆ ಇದರ ಮೊನೆ ಬೇಗ ತಾಗುತ್ತದೆ; ಹೊಸ ಭಾಷೆಯಲ್ಲಿ ಮೊದಲು ಕಲಿಯಬೇಕಾದ ವ್ಯಾಕರಣ ಯಾರನ್ನು ಹೇಗೆ ಕರೆಯಬೇಕೆಂಬುದು, ಮೊದಲು ಅರಿವಾಗುವ ನೋವು ತನ್ನನ್ನು ಹೇಗೆ ಕರೆದರೆಂಬುದು.

ಕಥೆ ಮುಂದುವರಿದಂತೆ ನಿಕುಂಜಬಾಬುವಿನ ಸ್ಥಿತಿ ಇಳಿಯುತ್ತದೆ. ಯಂತ್ರವನ್ನು ಇಟ್ಟುಕೊಳ್ಳುವುದೇ ಕಷ್ಟವಾಗುತ್ತದೆ. ಆ ವೇಳೆಗೆ ಮನೆಗೆ ಬಂದ ಚಿಕ್ಕಪ್ಪನು ಗುನುಗುತ್ತಿದ್ದ ಹಾಡಿನ ತಪ್ಪನ್ನು ಅನುಕೂಲನು ತಿದ್ದುತ್ತಾನೆ. ಚಿಕ್ಕಪ್ಪನು ಸಿಟ್ಟಿನಿಂದ ಹೊಡೆಯುತ್ತಾನೆ. ಅನುಕೂಲನ ಬೆರಳಿನ ವಿದ್ಯುತ್ತಿನಿಂದ ಸಾಯುತ್ತಾನೆ. ಆಮೇಲೆ ವಕೀಲನಿಂದ ತಿಳಿದುಬರುತ್ತದೆ, ಸತ್ತವನು ಹನ್ನೊಂದೂವರೆ ಲಕ್ಷ ರೂಪಾಯಿಗಳನ್ನು ನಿಕುಂಜಬಾಬುವಿಗೆ ಬಿಟ್ಟುಹೋಗಿದ್ದಾನೆ. ಇದು ಏಟಿಗೆ ಕೊಟ್ಟ ಉತ್ತರವೋ, ಒಡೆಯನ ಕಷ್ಟವನ್ನು ಕಂಡು ಮಾಡಿದ ಉಪಕಾರವೋ? ಕಥೆ ಹೇಳುವುದಿಲ್ಲ, ಹೇಳದಿರುವುದೇ ಅದರ ಶಕ್ತಿ.

ಅಲಂಕಾರಶಾಸ್ತ್ರವನ್ನು ಬಲ್ಲ ಓದುಗನಿಗೆ ಇಲ್ಲಿ ಇನ್ನೊಂದು ಧ್ವನಿಯೂ ಕೇಳಿಸುತ್ತದೆ. ನಾಯಕಭೇದದಲ್ಲಿ ಅನುಕೂಲನೆಂದರೆ ಒಬ್ಬಳಲ್ಲೇ ನಿಷ್ಠೆಯಿಟ್ಟವನು. ಇವನ ನಿಷ್ಠೆಯೂ ಒಬ್ಬನಲ್ಲಿಯೇ. ಆದರೆ ಆ ನಿಷ್ಠೆ ಎಲ್ಲಿಯವರೆಗೆ ಹೋಗಬಹುದೆಂದು ಒಡೆಯನು ಕೇಳಲೇ ಇಲ್ಲ, ಆಳು ಹೇಳಲೇ ಇಲ್ಲ. ನಿಕುಂಜಬಾಬುವಿನ ಪಾಲಿಗೆ ನಡೆದದ್ದು ಅಕ್ಷರಶಃ 'ಅನುಕೂಲ'ವೇ. ಅವನು ಕೊಲೆಯನ್ನು ಬಯಸಲಿಲ್ಲ. ಆದರೆ ಕೊಲೆಯ ಫಲ ಅವನ ಮನೆಗೇ ಬಂದು ಸೇರಿತು. ತಲೆಯಲ್ಲಾಡಿಸುವ ವಿಧುಶೇಖರನಲ್ಲಿ ಭೃತ್ಯನು ಮಿತ್ರನಾದನು. ಅನುಕೂಲನಲ್ಲಿ ಭೃತ್ಯನು, ಮಿತ್ರನ ಮೆಟ್ಟಿಲನ್ನು ಹತ್ತದೆಯೇ, ಸಾವುಬದುಕುಗಳನ್ನು ನಿರ್ಣಯಿಸುವ ಪ್ರಭುವಾಗಿಬಿಟ್ಟನು.

೨೦೧೭ರಲ್ಲಿ ಸುಜಯ್ ಘೋಷ್ ಈ ಕಥೆಯನ್ನು ಹಿಂದಿಯಲ್ಲಿ ಕಿರುಚಿತ್ರವಾಗಿಸಿದರು. ಸೌರಭ್ ಶುಕ್ಲಾ ನಿಕುಂಜನಾಗಿಯೂ ಪರಮಬ್ರತ ಚಟ್ಟೋಪಾಧ್ಯಾಯರು ಅನುಕೂಲನಾಗಿಯೂ ನಟಿಸಿದ ಆ ಚಿತ್ರದಲ್ಲಿ ಮೇಷ್ಟ್ರಾದ ನಿಕುಂಜನು ಯಂತ್ರಕ್ಕೆ ಭಗವದ್ಗೀತೆಯ ಧರ್ಮಸಂಕಟವನ್ನು ವಿವರಿಸುತ್ತಾನೆ. ಹೊಡೆಯುವ ಬಂಧು ಯಂತ್ರದಿಂದಲೇ ಕೆಲಸವನ್ನು ಕಳೆದುಕೊಂಡವನು. ಈ ಎರಡು ಬದಲಾವಣೆಗಳಲ್ಲಿ ಎರಡನೆಯದು ಬೆಲೆಯುಳ್ಳದ್ದು. ಏಟಿನ ಹಿಂದೆ ಒಬ್ಬ ಮನುಷ್ಯನ ಹಸಿವನ್ನು ಅದು ತೋರಿಸಿತು. ಮೊದಲನೆಯದು ಕಥೆಯನ್ನು ಅರ್ಧ ದುರ್ಬಲಗೊಳಿಸಿತು. ಮೂಲದಲ್ಲಿ ಮೌನವಾಗಿದ್ದ ಕಾರಣಕ್ಕೆ ಚಿತ್ರವು ಶಾಸ್ತ್ರದ ಆಧಾರವನ್ನು ಒದಗಿಸಿದುದರಿಂದ, ಪ್ರೇಕ್ಷಕನು ಬೆಚ್ಚಿಬೀಳುವುದರ ಬದಲು ಸಮಾಧಾನ ಪಡೆಯುವ ಅಪಾಯವಿದೆ. ಕಲಿಸಿದ ಪಾಠವನ್ನು ಹೀಗೂ ಅರ್ಥಮಾಡಿಕೊಳ್ಳಬಹುದೇ ಎಂಬ ಭಯ ಅಲ್ಲಿ ಮೂಡಿದರೂ, ರಾಯರ ಮೌನದ ಚಳಿ ಅದರಲ್ಲಿಲ್ಲ.

೭

ಯಂತ್ರದ ಪ್ರತಿಭೆ ಕಥೆಗಳಿಗೆ ಮಾತ್ರ ಮೀಸಲಾದ ವಿಷಯವಾಗಿ ಇಂದು ಉಳಿದಿಲ್ಲ. ೨೦೧೬ರ ಮಾರ್ಚಿನಲ್ಲಿ ಸಿಯೋಲಿನಲ್ಲಿ ನಡೆದ ಗೋ ಎಂಬ ಮಣೆಯಾಟದ ಪಂದ್ಯದಲ್ಲಿ, ಆಲ್ಫಾಗೋ ಎಂಬ ಗಣಕಯಂತ್ರದ ಕ್ರಮವಿಧಿ ಎರಡನೆಯ ಆಟದ ೩೭ನೆಯ ನಡೆಯನ್ನು ಇಟ್ಟಾಗ ನೋಡುತ್ತಿದ್ದ ಪಂಡಿತರು ಅದನ್ನು ತಪ್ಪೆಂದೇ ಭಾವಿಸಿದರು. ಆಟ ಮುಗಿಯುವ ವೇಳೆಗೆ ಅದರ ಬೆಲೆ ತಿಳಿಯಿತು. ಆದರೆ ನಾಲ್ಕನೆಯ ಆಟದಲ್ಲಿ ಲೀ ಸೆಡೋಲ್ ಇಟ್ಟ ೭೮ನೆಯ ನಡೆಗೆ ಯಂತ್ರವೇ ದಿಕ್ಕುತಪ್ಪಿತು. ಮಣೆಯ ಮೇಲೆ ಇಂತಹ ನಡೆಗಳು ಸೌಂದರ್ಯವೇ. ಕಾರಣ ತಿಳಿಯದಿದ್ದರೂ ಯಾರ ಜೀವಕ್ಕೂ ಕೇಡಿಲ್ಲ. ಅದೇ ಬಗೆಯ ನಡೆ ರೋಗಿಯ ಹಾಸಿಗೆಯ ಬಳಿಯಲ್ಲಿ, ವಾಹನದ ಚುಕ್ಕಾಣಿಯಲ್ಲಿ, ವ್ಯೋಮನೌಕೆಯಲ್ಲಿ ನಡೆದರೆ ಬೆರಗಿನಿಂದ ಮಾತ್ರ ಸಾಲದು; ಕಾರಣ ಬೇಕು, ಹೊಣೆ ಬೇಕು. ಪ್ರತಿಭೆಗೆ ಔಚಿತ್ಯವು ಕಾವಲಾಗಬೇಕೆಂಬ ಕ್ಷೇಮೇಂದ್ರನ ವಿಚಾರ ಕಾವ್ಯದ ಹೊರಗೂ ಸಲ್ಲುವುದು ಹೀಗೆ.

ಹಾಗಾದರೆ ಮನುಷ್ಯನ ಸ್ಥಿತಿಯೇನು? ಈ ಪ್ರಶ್ನೆಗೆ ಉತ್ತರವನ್ನು ಹುಡುಕುವಾಗ ಶಿಬಪುರದ ಬಾದಲ್ ಸರ್ಕಾರರ ಕಡೆಗೆ ತಿರುಗಬೇಕು. ೧೯೬೩ರಲ್ಲಿ ಬರೆದ 'ಏವಂ ಇಂದ್ರಜಿತ್' ನಾಟಕದಲ್ಲಿ ಯಂತ್ರಮಾನವರು ಯಾರೂ ಇಲ್ಲ. ಅಥವಾ ಎಲ್ಲರೂ ಅವರೇ. ಅಮಲ, ವಿಮಲ, ಕಮಲ ಎಂದು ಪ್ರಾಸಬದ್ಧವಾಗಿ ಸಾಲುಹಿಡಿಯುವ ಹೆಸರುಗಳು. ಪರೀಕ್ಷೆ, ನೌಕರಿ, ಮದುವೆ, ಮತ್ತೆ ನೌಕರಿ ಎಂಬ ಸುತ್ತು. ಆ ಸಾಲಿಗೆ ನಾಲ್ಕನೆಯವನಾಗಿ ನಿರ್ಮಲನೆಂದು ಹೆಸರು ಹೇಳಿಕೊಂಡವನೇ ಇಂದ್ರಜಿತ್. ನಿಜವಾದ ಹೆಸರನ್ನು ಹೇಳಿದರೆ ಸಾಲು ಕೆಡುತ್ತದೆಂಬ ಅಂಜಿಕೆ ಅವನದು. ಗಿರೀಶ ಕಾರ್ನಾಡರು ಇಂಗ್ಲಿಷಿಗೆ ತಂದ ಈ ನಾಟಕವು (೧೯೭೪) ಕನ್ನಡ ಓದುಗರಿಗೂ ದೂರದ್ದಲ್ಲ. ಯಂತ್ರಶಾಸ್ತ್ರದ ಕಾಲೇಜಿನಲ್ಲಿ ಕಲಿತವರು ಯಂತ್ರವಾಗಿಹೋಗುತ್ತಿರುವ ಮನುಷ್ಯನನ್ನು ಬರೆದರು. ಹೊಳೆಯ ಆಚೆಯ ದಡದಲ್ಲಿ ಚಿತ್ರಕಲೆಯನ್ನೂ ಚಲನಚಿತ್ರವನ್ನೂ ಬಲ್ಲವರು ಮನುಷ್ಯನಾಗುತ್ತಿರುವ ಯಂತ್ರವನ್ನು ಬರೆದರು. ಎರಡನ್ನೂ ಒಟ್ಟಿಗೆ ಓದಿದಾಗಲೇ ಚಿತ್ರ ಪೂರ್ಣವಾಗುತ್ತದೆ. ವಿಧುಶೇಖರನ ತಲೆ ಬೇಡವೆಂದು ಅಲ್ಲಾಡುವ ಹೊತ್ತಿನಲ್ಲಿಯೇ ಅಮಲ ವಿಮಲ ಕಮಲರ ತಲೆಗಳು ಎಲ್ಲಕ್ಕೂ ಹೂಂ ಎಂದು ಬಾಗುತ್ತಿವೆ.

ಋತ್ವಿಕ್ ಘಟಕರ 'ಅಜಾಂತ್ರಿಕ್' (೧೯೫೮) ಈ ಎರಡಕ್ಕೂ ನಡುವಿನ ಸೇತುವೆ. ಸುಬೋಧ ಘೋಷರ ಕಥೆಯನ್ನು ಆಧರಿಸಿದ ಆ ಚಿತ್ರದಲ್ಲಿ ಬಿಮಲನೆಂಬ ಚಾಲಕನಿಗೆ ಜಗದ್ದಲವೆಂಬ ಹಳೆಯ ಮೋಟಾರು ಕಾರು ಮುನಿಯುತ್ತದೆ, ಮಾತನಾಡುತ್ತದೆ. ಕಾರಿಗೆ ಮನಸ್ಸಿಲ್ಲ, ಬಿಮಲನ ಮನಸ್ಸೇ ಅಲ್ಲಿ ಹೋಗಿ ಕುಳಿತಿದೆ. ಯಂತ್ರದಲ್ಲಿ ಇಚ್ಛೆಯನ್ನು ಕಾಣುವುದು ಮನುಷ್ಯನ ಹಳೆಯ ಚಾಳಿ. ಇಂದಿನ ಯಂತ್ರಮಾನವನು ಕಣ್ಣು ಮಿಟುಕಿಸಿ ಹೆಸರಿಡಿದು ಕರೆದಾಗ, ಅದರ ಮುಂದಾಗುವಿಕೆಯಲ್ಲಿ ಅದರದೆಷ್ಟು, ನೋಡುವವನು ಆರೋಪಿಸಿದ್ದೆಷ್ಟು ಎಂದು ಬೇರ್ಪಡಿಸುವ ಎಚ್ಚರ ಬಿಮಲನನ್ನು ಕಂಡವರಿಗೆ ಇರಬೇಕು.

೮

ಮಕ್ಕಳಿಗಾಗಿ ಬರೆದ ಲಘುಕಥೆಗಳ ಮೇಲೆ ಇಷ್ಟು ಶಾಸ್ತ್ರದ ಭಾರವನ್ನು ಹೊರಿಸುವುದು ಸರಿಯೇ ಎಂಬ ಆಕ್ಷೇಪ ಬರಬಹುದು. ಆದರೆ ಕಥೆಗಳು ಹಗುರವಾದುವೆಂದು ಅವುಗಳ ಒಳಗಿನ ಪ್ರಶ್ನೆಯೂ ಹಗುರವಾಗಬೇಕಾಗಿಲ್ಲ. ಪಂಚತಂತ್ರವೂ ರಾಜಕುಮಾರರ ಪಾಠಕ್ಕೆಂದು ಹುಟ್ಟಿದ್ದೇ. ಮೇಲಾಗಿ ಆ ಕಥೆಗಳ ಹೆಸರುಗಳು ಇಂದು ಕನ್ನಡ ನೆಲದಲ್ಲಿ ನಿಜದ ರೂಪವನ್ನು ಪಡೆಯುತ್ತಿವೆ. ಬೆಂಗಳೂರಿನ ಸಂಸ್ಥೆಯೊಂದು ಕಟ್ಟಿ, ೨೦೧೭ರಲ್ಲಿ ಹೈದರಾಬಾದಿನ ಜಾಗತಿಕ ಸಮ್ಮೇಳನದಲ್ಲಿ ಅತಿಥಿಗಳನ್ನು ಸ್ವಾಗತಿಸಿದ ಯಂತ್ರಮಾನವನ ಹೆಸರು 'ಮಿತ್ರ'. ಗಗನಯಾನಕ್ಕಾಗಿ ಭಾರತೀಯ ಬಾಹ್ಯಾಕಾಶ ಸಂಸ್ಥೆ ನಿರ್ಮಿಸಿ, ೨೦೨೦ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಲೋಕಕ್ಕೆ ತೋರಿಸಿದ ಸ್ತ್ರೀರೂಪದ ಅರ್ಧಮಾನವಿಯ ಹೆಸರು 'ವ್ಯೋಮಮಿತ್ರ'. ನೌಕೆಯೊಳಗಿನ ಸ್ಥಿತಿಗತಿಗಳನ್ನು ಗಮನಿಸಿ ಯಾತ್ರಿಕರನ್ನು ಎಚ್ಚರಿಸುವುದು ಆಕೆಗೆ ಗೊತ್ತುಪಡಿಸಿದ ಕೆಲಸಗಳಲ್ಲಿ ಒಂದು. ಅಂದರೆ ೧೯೬೧ರ ವ್ಯೋಮಯಾತ್ರಿಯ ಡೈರಿಯಲ್ಲಿ ವಿಧುಶೇಖರನು ಕೇಳಿಸಿಕೊಳ್ಳದೆಯೇ ಮಾಡಿದ ಕೆಲಸವೇ ಈಕೆಗೆ ನೇಮಿಸಿದ ಕೆಲಸ. ಹೆಸರಿಟ್ಟವರು ಮಮ್ಮಟನನ್ನು ನೆನೆದರೋ ಇಲ್ಲವೋ, 'ಭೃತ್ಯ'ನೆನ್ನದೆ 'ಮಿತ್ರ'ನೆಂದು ಕರೆದುದು ಸರಿಯಾದ ದಾರಿಯ ಮೊದಲ ಹೆಜ್ಜೆ.

ಆದರೆ ಹೆಸರು ಇಟ್ಟಮಾತ್ರಕ್ಕೆ ಮೈತ್ರಿ ಕೈಗೂಡದು. ಬೇಡವೆನ್ನುವ ಸ್ವಾತಂತ್ರ್ಯ ಒಬ್ಬನಿಗೆ, ಏಕೆಂದು ಕೇಳುವ ಹಕ್ಕು ಇನ್ನೊಬ್ಬನಿಗೆ, ನಿರ್ಣಯದ ಹೊಣೆಯನ್ನು ಹೊರುವ ಎದೆ ಮನುಷ್ಯನಿಗೆ ಇದ್ದಾಗ ಮಾತ್ರ ಅದು ಮೈತ್ರಿ. ರಾಯರ ಮೂರು ಯಂತ್ರಮಾನವರು ಈ ಮಾತನ್ನು ಮೂರು ಬಗೆಯಲ್ಲಿ ಹೇಳಿದ್ದಾರೆ. ಅವರು ಹೇಳದೆ ಬಿಟ್ಟ ನಾಲ್ಕನೆಯ ಮಾತೊಂದಿದೆ. ಅದನ್ನು ಹೇಳಲು ಪ್ರಹ್ಲಾದನು ಬೇಕು. ಹೌರಾದ ಇಕ್ಕಟ್ಟಿನ ಓಣಿಯಲ್ಲಿ ಲೇತಿನ ಮುಂದೆ ನಿಂತ ಮಿಸ್ತ್ರಿ, ಕೊಟ್ಟ ನಕ್ಷೆಯಲ್ಲಿ ತಪ್ಪಿದೆಯೆಂದು ಕಂಡು ತಲೆಯಲ್ಲಾಡಿಸಿದರೆ ಅವನ ಮಾತಿಗೆ ಕಿವಿಗೊಡುವವರೆಷ್ಟು ಜನ? ಅವನನ್ನು 'ತುಯಿ' ಎಂದು ಕರೆಯುತ್ತಲೇ ಯಂತ್ರವನ್ನು 'ಮಿತ್ರ'ನೆಂದು ಕರೆದರೆ, ಕೊನೆಗೆ ಉಳಿಯುವುದು ರಾಜ್ಯಧರನ ಮರದ ಪಟ್ಟಣ: ಊಳಿಗಕ್ಕೆ ನೂರಾರು ಮಂದಿ, ಮಾತಿಗೆ ಒಬ್ಬನೂ ಇಲ್ಲ.